ತಗ್ಗು

ನವನಗರದಾಗ ಓಣಿಗೆ ಹೆಸರಿಲ್ಲ, ನಂಬರ ಐತಿ.
ಅಂಥಾದ್ದೊಂದು ನಂಬರಿನ ಹಾಲಿನಾಗ
ಇಪ್ಪತ್ಮೂರು ಮಂದಿ, ಎರಡನೇ ಸುತ್ತಿನ ತರಬೇತಿಗೆ
ಕುರ್ಚಿ ಜಗ್ಗಿಕೊಂಡು ಫ್ಯಾನಿನ ಕೆಳಗ ಕುಂತೀವಿ.
ಅಂಗನವಾಡಿಯ ದಾನಮ್ಮ, ಕಂಡಕ್ಟರಿಕಿ ಮುಗಿಸಿದ ರಾಜೇಸಾಬ,
ತಾಂಡಾದ ಸೋಮ್ಲಿಬಾಯಿ, ಬಾದಾಮಿಯ ಝೆರಾಕ್ಸ್ ಅಂಗಡಿ ಹುಡುಗ,
ಮತ್ತ ನಾನು.

ಕೊರಳಾಗಿನ ಚೀಟಿ ಹೇಳತೈತಿ: ಅರೆ ಕಾನೂನು ಸ್ವಯಂಸೇವಕಿ.
ಅರೆ ಅಂದ್ರ ಅರ್ಧ, ರಾಜೇಸಾಬ ನಗತಾನ,
ನಾವೆಲ್ಲಾ ಹಾಫ್ ಟಿಕೀಟಿನ ವಕೀಲರು.
ಅರೆ ಅಂದ್ರ ಒಳಕಲ್ಲಿನಾಗ ಖಾರ ಅರೆಯೂದು, ಅಂತಾಳ ದಾನಮ್ಮ.
ನಮ್ಮೂರಾಗ ಅರೆ ಅಂದ್ರ ಬಂಡೆಗಲ್ಲು,
ಅಂದು ಹುಡುಗ ಸುಮ್ಮನಾದ.

ಪಡಸಲಗಿ ಸರ್ ಮೂವತ್ತು ವರ್ಷ ಶಿರಸ್ತೇದಾರಿಕಿ ಮಾಡಿದವರು,
ನಗಲಿಲ್ಲ. ಬೋರ್ಡಿನ ಮ್ಯಾಲೆ ಬರದರು:
ವಾದ ಮಾಡಬ್ಯಾಡ್ರಿ. ರೊಕ್ಕ ಮುಟ್ಟಬ್ಯಾಡ್ರಿ.
ಗೆಲ್ಲಿಸಿ ಕೊಡತೀವಿ ಅನಬ್ಯಾಡ್ರಿ.
ಮತ್ತೇನು ಮಾಡೂದ್ರಿ ಸರ್?
ಓದ್ರಿ. ಬರೀರಿ. ಜೋಡಿ ಹೋಗ್ರಿ.

ಮೊದಲನೇ ಸುತ್ತು ಬರೇ ದಂಡಿ. ಈ ಸುತ್ತಿನಾಗ ದಿನಕ್ಕೊಂದು ಮಡುವು.
ಅಪಘಾತದ ಪಾಠದ ದಿನ
ಸತ್ತವನ ದುಡಿಮಿಯನ್ನ ಯಾವ ವಯಸ್ಸಿಗೆ ಎಷ್ಟರಿಂದ ಗುಣಿಸಬೇಕು
ಅಂತ ಕಲಿಸಿದರು. ಆ ರಾತ್ರಿ
ಗೊರಕಿ ಹೊಡಿಯೋ ಗಂಡನ ವಯಸ್ಸು ಗುಣಿಸಿ ನೋಡಿದೆ.
ಲೆಕ್ಕ ಬರೋಬರಿ ಬಂತು.
ಹಾಳಿ ಹರದು ಒಲಿಗೆ ಹಾಕಿದೆ.

ಗುರುವಾರ ಭೂಸ್ವಾಧೀನ.
ಮನ್ಯಾಗಿನ ಹಳೇ ಕಾಗದ ತರ್ರಿ ಅಂದಿದ್ದರು,
ಅವ್ವನ ಟ್ರಂಕಿನಿಂದ ತಂದಿದ್ದೆ, ನುಸಿಗುಳಿಗಿ ವಾಸನಿ ಸಮೇತ.
ಹಳೇ ಬಾಗಲಕೋಟಿ, ಕಿಲ್ಲಾದ ಹಿಂದಿನ ಓಣಿ;
ಈಗ ಅಲ್ಲಿ ಮೀನ ಹೊಕ್ಕು ಹೊಂಡತಾವ.
ಚೌಡವ್ವ ಗಂಡ ಸಂಗಪ್ಪ. ಗ್ವಾಡಿ ಮಣ್ಣಿಂದು. ತೊಲಿ ಏಳು. ಕದ ಎರಡು.
ಬೇವಿನ ಗಿಡ ಒಂದು.
ಕಡೀ ಸಾಲು:
ತಗ್ಗು, ಒಂದು. ಬೆಲೆ, ಇಲ್ಲ.

ಅದು ತಗ್ಗಲ್ಲರಿ ಸರ್.
ನನ್ನ ದನಿ ನನಗ ಗುರುತ ಹತ್ತಲಿಲ್ಲ.
ಅದು ಕುಣಿಮಗ್ಗರಿ. ಅದರಾಗ ಕಾಲ ಇಳಿಬಿಟ್ಟು
ಅವ್ವ ಇಪ್ಪತ್ತೆಂಟು ವರ್ಷ ಸೀರಿ ನೇದಾಳ.
ಸರ್ವೇದವರು ಬರೋ ದಿನ
ಅವರಿಗೆ ಕುಂದರಾಕ ಜಾಗಾ ಆಗಲಿ ಅಂತ
ಮಗ್ಗ ಬಿಚ್ಚಿ ಗ್ವಾಡಿಗೆ ಆನಿಸಿದ್ವಿ.
ಚಾ ಕೊಟ್ಟಿದ್ವಿ. ಬಸಿಯೊಳಗ.

ಸರ್ ಚಾಳೀಸು ತಗದರು. ತಾರೀಖು ನೋಡಿದರು.
ವಿಳಂಬಕ್ಕ ಮಾಫಿ ಕೇಳಾಕ ಬರತೈತಿ, ತಂಗಿ,
ಇಷ್ಟು ವಿಳಂಬಕ್ಕ ಬರಂಗಿಲ್ಲ.
ಬರಕೊಂಡೆ. ನೋಟ್‌ಬುಕ್ಕಿನಾಗ
ಆ ಒಂದ ಸಾಲು ಗೆರಿ ಬಿಟ್ಟು ಕೆಳಗ ಇಳದೈತಿ.

ಹದಿನೈದು ದಿನಕ್ಕ ನನ್ನನ್ನ ಕಳಿಸಿದ್ದು
ನದಿ ದಂಡಿಯ ಒಂದು ಕುಂಬಾರ ಓಣಿಗೆ.
ಹೊಸಾ ಅಳತಿ, ಹೊಸಾ ಹುಡುಗ, ಕೈಯಾಗ ಕಾಗದದ ಬದಲಿ ಟ್ಯಾಬು.
ಓದಿ ಹೇಳಪಾ ಅಂದೆ.
ಗ್ವಾಡಿ ಕಲ್ಲಿಂದು. ಪತ್ರಾಸು ಹನ್ನೆರಡು. ಬೂದಿಗುಂಪಿ ಒಂದು.

ಬಾಯಿತನಕ ಬಂತು. ವಾದ ಮಾಡಬ್ಯಾಡ್ರಿ.
ನುಂಗಿದೆ, ಖಾರ ನುಂಗಿಧಂಗ.
ಅಜ್ಜನ ಕಡೆ ಹೊಳ್ಳಿ, ಇದಕ್ಕ ಏನಂತಾರ ಯಜ್ಜಾ ಅಂದೆ.
ಹುಂಬ ಆಗಿಯೇನು ಅನ್ನೂಹಂಗ ನೋಡಿದ.
ಆವಿಗಿ, ಅಂದ.
ಬೂದಿಯೊಳಗ ಕೈ ಹಾಕಿ, ಒಂದು ಸೀಳಿದ ಹಣತಿ ತಗದು
ಹುಡುಗನ ಅಂಗೈಯಾಗ ಇಟ್ಟ. ಇನ್ನೂ ಬೆಚ್ಚಗಿತ್ತು ಕಾಣತೈತಿ,
ಹುಡುಗ ಕೈ ಬದಲಿಸಿದ.

ಬರಿ ತಮ್ಮಾ. ಆ. ವಿ. ಗಿ.
ಮೊದಲನೇದ್ದು ಅಕಾರಲ್ಲ, ಆಕಾರ.
ಬರದ.
ಬೆಲೆ ಏನ ಹಾಕಲ್ರಿ ಅಕ್ಕಾರ?

ಅದು ನನ್ನ ಕೆಲಸಲ್ಲ, ಅದಕ್ಕ ಬ್ಯಾರೆ ಮಂದಿ ಅದಾರ.
ಆ ಮನಿ ಖಾಲಿ ಬಿಡು.
ಇಲ್ಲ ಅಂತ ಮಾತ್ರ ಬರಿಬ್ಯಾಡ.